ಜಾಯ್‌ಸ್ಟಿಕ್‌ಗೆ ತೆಂಗಿನೆಣ್ಣೆ ಬಿಡಬೇಡಿ

ಎಲ್ಲರಿಗೂ ನಮಸ್ಕಾರ. ನಾನು ಕುಂಬಳೆಯಲ್ಲಿ ಮೂವತ್ತು ವರ್ಷದಿಂದ ರೇಡಿಯೋ, ಟಿವಿ, ಮಿಕ್ಸಿ ರಿಪೇರಿ ಮಾಡಿಕೊಂಡು ಇರುವವನು. ಹತ್ತು ನಿಮಿಷ ಮಾತಾಡಿ, ವಿಷಯ ನೀವೇ ಆರಿಸಿ ಅಂತ ಇಲ್ಲಿ ರೇಡಿಯೋದವರು ಹೇಳಿದರು. ಮಿಕ್ಸಿ ಬಗ್ಗೆ ಹೇಳಬಹುದು ಅಂತ ಅವರ ಮನಸ್ಸಲ್ಲಿ ಇತ್ತೋ ಏನೋ. ನಾನು ವಿಡಿಯೋ ಗೇಮ್ ಆಡುವ ಕೋಲು, ಅಂದರೆ ಜಾಯ್‌ಸ್ಟಿಕ್ ಬಗ್ಗೆ ಮಾತಾಡುತ್ತೇನೆ.

ನಗಬೇಡಿ. ನಮ್ಮ ಕಡೆ ಎಷ್ಟು ಮನೆಯ ಅಟ್ಟದಲ್ಲಿ ಇದು ಬಿದ್ದುಕೊಂಡಿದೆ ಗೊತ್ತುಂಟಾ? ಗಲ್ಫಿಗೆ ಹೋದವರು ರಜೆಗೆ ಬರುವಾಗ ಅತ್ತರು, ಟಾರ್ಚು, ಟೇಪ್ ರೆಕಾರ್ಡರ್ ಜೊತೆಗೆ ಮಕ್ಕಳಿಗೆ ಅಂತ ಒಂದು ವಿಡಿಯೋ ಗೇಮೂ ತರುತ್ತಿದ್ದರು. ಮಕ್ಕಳು ಎರಡು ಮಳೆಗಾಲ ಆಡಿದರು, ಕೋಲು ಕೈಕೊಟ್ಟಿತು, ಅಟ್ಟಕ್ಕೆ ಹೋಯಿತು. ಈಗ ಆ ಮಕ್ಕಳೇ ನಲವತ್ತು ದಾಟಿ, ಅದನ್ನು ಕೆಳಗಿಳಿಸಿ, ಧೂಳು ಒರೆಸಿ, ನನ್ನ ಅಂಗಡಿಗೆ ತರುತ್ತಾರೆ. ತಂದವರೆಲ್ಲ ಮೊದಲು ಕೇಳುವುದು ಒಂದೇ ಮಾತು: "ಇದು ಸರಿಯಾಗುತ್ತದಾ? ಹೊಸದು ಎಲ್ಲಿ ಸಿಗುತ್ತದೆ?"

ಹೊಸದು ಎಂತಕ್ಕೆ ಮಾರಾಯ್ರೆ? ಜಾಯ್‌ಸ್ಟಿಕ್ ಅಂದರೆ ನಾಲ್ಕು ಸ್ವಿಚ್ಚು. ಅಷ್ಟೇ. ಬಾಗಿಲ ಬಳಿ ಕಾಲಿಂಗ್ ಬೆಲ್ ಸ್ವಿಚ್ ಉಂಟಲ್ಲ, ಒತ್ತಿದರೆ ಕರೆಂಟು ಹೋಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅಂಥ ನಾಲ್ಕನ್ನು ಒಂದು ಕೋಲಿನ ಸುತ್ತ ಇಟ್ಟಿದ್ದಾರೆ. ಮೇಲೆ, ಕೆಳಗೆ, ಎಡ, ಬಲ. ಗುಂಡು ಹೊಡೆಯುವ ಬಟನ್ನಿಗೆ ಇನ್ನೊಂದು. ಈಗಿನ ಪ್ಲೇಸ್ಟೇಷನ್ನಿನ ಹೆಬ್ಬೆರಳ ಕಡ್ಡಿ ಬೇರೆ ಜಾತಿ, ಅದನ್ನು ಬಿಡಿ.

ಅಟಾರಿ 2600 ಅಂತ ಒಂದು ಮೆಷೀನು 1977ರಲ್ಲಿ ಅಮೆರಿಕದಲ್ಲಿ ಬಂತು. ಕಪ್ಪು ಡಬ್ಬ, ಕಪ್ಪು ಕೋಲು, ಮೂಲೆಯಲ್ಲಿ ಒಂದು ಕೆಂಪು ಬಟನ್, ನೋಡಿದವರಿಗೆ ನೆನಪಾಗುತ್ತದೆ. ಅದರ ವೈರಿನ ತುದಿಯಲ್ಲಿ ಒಂಬತ್ತು ತೂತಿನ ಪ್ಲಗ್ ಉಂಟು. ತೂತಿನ ನಂಬರು ಹೀಗೆ: 1 ಮೇಲೆ, 2 ಕೆಳಗೆ, 3 ಎಡ, 4 ಬಲ, 6 ಬಟನ್, 8 ಎಲ್ಲದಕ್ಕೂ ಕಾಮನ್. ಕರೆಂಟು ಅಳೆಯುವ ಮಲ್ಟಿಮೀಟರನ್ನು, ವೈರು ಕೂಡಿದ್ದರೆ ಬೀಪ್ ಅನ್ನುವ ಜಾಗಕ್ಕೆ ಇಟ್ಟು ಒಂದು ಕಡ್ಡಿ 8ಕ್ಕೆ, ಇನ್ನೊಂದು 4ಕ್ಕೆ ಹಿಡಿಯಿರಿ. ಕೋಲು ಬಲಕ್ಕೆ ತಳ್ಳಿ. ಬೀಪ್ ಅಂದರೆ ಆ ಸ್ವಿಚ್ಚೂ ವೈರೂ ಎರಡೂ ಸರಿ. ಅನ್ನದಿದ್ದರೆ ವೈರು ಒಳಗೆ ತುಂಡಾಗಿದೆ, ಇಲ್ಲವೇ ಸ್ವಿಚ್ ಕೊಳೆಯಾಗಿದೆ. ಹೆಚ್ಚಾಗಿ ಈ ಎರಡೇ ಕಾರಣ.

ಇದಕ್ಕೆ ಒಂದು ಕತೆ ಹೇಳಬೇಕು.

ತೊಂಬತ್ತಾರನೇ ಇಸವಿ ಇರಬೇಕು, ಜುಲೈ ತಿಂಗಳು, ಹೊರಗೆ ಮಳೆ ಅಂದರೆ ಮಳೆ. ನೀರ್ಚಾಲು ಕಡೆಯ ಒಬ್ಬರು ಅಜ್ಜಿ, ಜೊತೆಗೆ ಹತ್ತು ವರ್ಷದ ಮೊಮ್ಮಗ. ಹುಡುಗನ ಕೈಯಲ್ಲಿ ಬೈರಾಸಿನಲ್ಲಿ ಸುತ್ತಿದ ಇದೇ ಕಪ್ಪು ಜಾಯ್‌ಸ್ಟಿಕ್. ಬಲಕ್ಕೆ ಹೋಗುವುದೇ ಇಲ್ಲವಂತೆ. ಪೇಟೆಯ ಒಂದು ಅಂಗಡಿಯಲ್ಲಿ ತೋರಿಸಿದ್ದಾರೆ, ಅವರು ಬಿಚ್ಚಿ ಕೂಡ ನೋಡದೆ "ಇದು ಹೋಯ್ತು, ಬಿಸಾಡಿ" ಅಂದಿದ್ದಾರೆ. ಹುಡುಗನ ಮುಖ ನೋಡಲು ಆಗುತ್ತಿರಲಿಲ್ಲ. ಶಾರ್ಜಾದಲ್ಲಿದ್ದ ಅಪ್ಪ ತಂದುಕೊಟ್ಟದ್ದು, ಇನ್ನು ಅವರು ಬರುವುದು ಎರಡು ವರ್ಷ ಬಿಟ್ಟು.

ಅಡಿಯ ನಾಲ್ಕು ಸ್ಕ್ರೂ ತೆಗೆದೆ. ಮುಚ್ಚಳ ಎತ್ತಿದ ಕೂಡಲೇ ಹಪ್ಪಳ ಕಾಯಿಸಿದ ಹಾಗೆ ವಾಸನೆ. ಒಳಗೆಲ್ಲ ಜಿಡ್ಡು. "ಇದೆಂತ ಅಜ್ಜಿ?" ಅಂದೆ. ಅವರು ಸ್ವಲ್ಪವೂ ಅಳುಕದೆ "ಎಣ್ಣೆ ಹಾಕಿದ್ದು ಆನೇ" ಅಂದರು, ಅಂದರೆ ನಾನೇ ಅಂತ. ಕೋಲು ಗಟ್ಟಿಯಾಗಿತ್ತಂತೆ. ಬಾಗಿಲ ತಿರುಗಣೆಗೆ ಹಾಕುವುದು ಅದೇ, ಹೊಲಿಗೆ ಮೆಷೀನಿಗೂ ಅದೇ, ತಲೆಗೂ ಅದೇ, ಹಾಗಾದರೆ ಇದಕ್ಕೆ ಯಾಕೆ ಆಗುವುದಿಲ್ಲ? ನ್ಯಾಯ ಅವರದ್ದೂ ಉಂಟು.

ಒಳಗೆ ಆದದ್ದು ಇಷ್ಟು. ಬೋರ್ಡಿನ ಮೇಲೆ ಕಿರುಬೆರಳ ಉಗುರಿನಷ್ಟು ಅಗಲದ, ಕವುಚಿದ ಬಟ್ಟಲಿನ ಹಾಗಿರುವ ತೆಳು ಲೋಹದ ತಟ್ಟೆಗಳು ಇರುತ್ತವೆ. ಕೋಲು ಬಾಗಿದರೆ ತಟ್ಟೆ ಅಮುಕಿ ಕೆಳಗಿನ ತಾಮ್ರಕ್ಕೆ ತಾಗುತ್ತದೆ. ಇದೇ ನಾನು ಹೇಳಿದ ಸ್ವಿಚ್ಚು. ತಟ್ಟೆಗಳು ಜಾರದಂತೆ ಮೇಲೆ ಒಂದು ಟೇಪು ಅಂಟಿಸಿರುತ್ತಾರೆ. ಎಣ್ಣೆ ಆ ಟೇಪಿನ ಅಂಟನ್ನು ಬಿಡಿಸಿತು. ಬಲಗಡೆಯ ತಟ್ಟೆ ಸರಿದು ಓರೆಯಾಯಿತು. ಎಣ್ಣೆಯ ವಾಸನೆ ಹಿಡಿದು ಇರುವೆ ಬಂದವು. ನಾನು ಟೇಪು ಎಬ್ಬಿಸಿ ತಟ್ಟೆ ಎತ್ತಿದರೆ ಕೆಳಗೆ ಒಂದು ಕಟ್ಟಿರುವೆ, ಪುಸ್ತಕದ ನಡುವೆ ಇಟ್ಟ ಹೂವಿನ ಹಾಗೆ ಚಪ್ಪಟೆ. ಅದರ ಮೇಲೆ ಹುಡುಗ ಎಷ್ಟು ಸಲ ಬಲಕ್ಕೆ ತಳ್ಳಿದ್ದನೋ!

ಹತ್ತಿಗೆ ಸ್ಪಿರಿಟ್ ಹಚ್ಚಿ ಎಲ್ಲ ಒರೆಸಿದೆ. ತಾಮ್ರ ಕಪ್ಪಾಗಿತ್ತು, ಹುಡುಗನ ಕಂಪಾಸ್ ಪೆಟ್ಟಿಗೆಯಿಂದಲೇ ರಬ್ಬರು ಇಸಕೊಂಡು ಮೆಲ್ಲ ಉಜ್ಜಿದೆ, ಫಳಫಳ ಆಯಿತು. ತಟ್ಟೆ ಜಾಗದಲ್ಲಿ ಕೂರಿಸಿ ಹೊಸ ಟೇಪು. ಮುಕ್ಕಾಲು ಗಂಟೆ. ಅಂಗಡಿಯ ಟಿವಿಗೆ ಸಿಕ್ಕಿಸಿ ಆಡಿ ನೋಡು ಅಂದೆ. ಅವನು ಬಲಕ್ಕೆ, ಬಲಕ್ಕೆ, ಬಲಕ್ಕೆ ಅಂತ ಹೋಗುತ್ತಲೇ ಇದ್ದ. ಐದು ಗಂಟೆಯ ಬಸ್ಸು ಹೋಯಿತು. ಅಜ್ಜಿ ಸ್ಟೂಲಿನಲ್ಲಿ ಕೂತು ನೋಡುತ್ತಾ ಇದ್ದರು. ಹದಿನೈದು ರೂಪಾಯಿ ತೆಗೆದುಕೊಂಡು, ಇನ್ನು ಮೇಲೆ ತೆಂಗಿನೆಣ್ಣೆ ಹಾಕಬಾರದು ಅಂತ ಎರಡು ಸಲ ಹೇಳಿ ಕಳಿಸಿದೆ.

ಎರಡು ತಿಂಗಳಲ್ಲಿ ಮತ್ತೆ ಬಂದರು. ಬಿಚ್ಚಿದೆ, ಪುನಃ ಜಿಡ್ಡು. "ಅಜ್ಜಿ, ಹೇಳಿದ್ದೆನಲ್ಲ?" ಅಂದರೆ, "ನೀವು ತೆಂಗಿನೆಣ್ಣೆ ಬೇಡ ಹೇಳಿದ್ದು. ಇದು ಎಳ್ಳೆಣ್ಣೆ" ಅಂದರು.

ಹಾಗಾಗಿ ಈಗ ಎಲ್ಲರಿಗೂ ಪೂರ್ತಿ ಹೇಳುತ್ತೇನೆ: ಯಾವ ಎಣ್ಣೆಯೂ ಬೇಡ. ಕೋಲಿನ ಬುಡಕ್ಕೆ ಒಂದು ಬಗೆಯ ಗ್ರೀಸ್ ಹಾಕುವುದುಂಟು, ಆದರೆ ಅದರ ಹೆಸರು ಹೇಳಿದರೆ ನೀವು ಮತ್ತೆ ಬಾಟ್ಲಿ ಹುಡುಕುತ್ತೀರಿ. ಹೇಳುವುದಿಲ್ಲ. ಕೊರೋನಾ ಕಾಲದ ಸ್ಯಾನಿಟೈಸರ್ ಉಳಿದಿದೆ, ಅದರಲ್ಲಿ ಒರೆಸಲಾ ಅಂತ ಕೇಳುವವರಿದ್ದಾರೆ. ಬೇಡ, ಅದರಲ್ಲಿ ಹೆಚ್ಚಾಗಿ ಗ್ಲಿಸರಿನ್ ಇರುತ್ತದೆ, ಅದೂ ಜಿಡ್ಡೇ. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ, ಐಪಿಎ ಅಂದರೂ ಕೊಡುತ್ತಾರೆ.

ಅಯ್ಯೋ, ಗಾಜಿನ ಆಚೆಯಿಂದ ಮೂರು ಬೆರಳು ತೋರಿಸುತ್ತಿದ್ದಾರೆ. ಮೂರೇ ನಿಮಿಷವಾ? ಅಸಲಿ ವಿಷಯ ಇನ್ನೂ ಶುರುವೇ ಆಗಿಲ್ಲ.

ಆಯ್ತು, ಬೇಗ ಹೇಳುತ್ತೇನೆ. ಆ ಹುಡುಗ ಈಗ ದುಬೈಯಲ್ಲಿದ್ದಾನೆ. ಹೋದ ವರ್ಷ ಊರಿಗೆ ಬಂದವನು, ಅದೇ ಅಟಾರಿಗೆ ಆಟದಂಗಡಿಯಲ್ಲಿ ಇರುತ್ತಿತ್ತಲ್ಲ, ಆ ನಮೂನೆಯ ದೊಡ್ಡ ಕೋಲು ಬೇಕು ಅಂದ. ಜಪಾನಿನ ಸಾನ್ವಾ ಕಂಪೆನಿಯ ಲಿವರು, ಮೇಲೆ ಉಂಡೆ, ಅವನೇ ತಂದಿದ್ದ. ಆಚಾರಿಯ ಹತ್ತಿರ ಹಲಸಿನ ಮರದ ಡಬ್ಬ ಮಾಡಿಸಿದೆವು. ಈ ಲಿವರಿನ ಒಳಗೆ ತಟ್ಟೆ ಇಲ್ಲ, ಟಿಕ್ ಟಿಕ್ ಅನ್ನುವ ಮೈಕ್ರೋಸ್ವಿಚ್ಚು. ಎಷ್ಟು? ನಾಲ್ಕೇ! ಐದು ವೈರು ಹೊರಗೆ ಬರುತ್ತದೆ, ನಾಲ್ಕು ದಿಕ್ಕು, ಒಂದು ಕಾಮನ್. ಹಳೇ ಕೋಲಿನ ಕೇಬಲ್ ಕತ್ತರಿಸಿ ಇದಕ್ಕೆ ಬೆಸುಗೆ ಹಾಕಿದೆ.

ಹಾಕಿ ನೋಡಿದರೆ ಎಲ್ಲ ತಲೆಕೆಳಗು. ಮೇಲೆ ತಳ್ಳಿದರೆ ಕೆಳಗೆ ಹೋಗುತ್ತದೆ. ಮೂವತ್ತು ವರ್ಷದ ಅನುಭವ ಅಂತ ಹೇಳಿಕೊಳ್ಳುವ ನಾನು ಅರ್ಧ ಗಂಟೆ ತಲೆ ಕೆರೆದುಕೊಂಡೆ. ನೋಡಿ, ಈ ಕೋಲು ಏತದ ಹಾಗೆ ಮಧ್ಯದಲ್ಲಿ ತಿರುಗುತ್ತದೆ. ಮೇಲಿನ ಉಂಡೆ ಆಚೆ ಹೋದರೆ ಕೆಳಗಿನ ಬುಡ ಈಚೆ ಬರುತ್ತದೆ. ಅಂದರೆ ಮೇಲೆ ತಳ್ಳಿದಾಗ ಒತ್ತುವುದು ಕೆಳಗಡೆಯ ಸ್ವಿಚ್ಚು. ವೈರು ಅದಲುಬದಲು ಮಾಡಿದೆ, ಮುಗಿಯಿತು.

ಮೈಕ್ರೋಸ್ವಿಚ್ಚನ್ನು ಬಿಡಿಬಿಡಿಯಾಗಿ ತಂದು ಮಾಡುವವರು ಅದರ ಮೂರು ಕಾಲು ನೋಡಿಕೊಳ್ಳಿ. ಕಾಮ್, ಎನ್‌ಓ, ಎನ್‌ಸಿ ಅಂತ ಬರೆದಿರುತ್ತದೆ. ಕಾಮ್ ಅಂದರೆ ಕಾಮನ್, ಎನ್‌ಓ ಒತ್ತಿದಾಗ ಕೂಡುವುದು, ಎನ್‌ಸಿ ಒತ್ತಿದಾಗ ಬಿಡುವುದು. ಎನ್‌ಸಿಗೆ ಬೆಸುಗೆ ಹಾಕಿದರೆ ಆಟದ ಮನುಷ್ಯ ನೀವು ಮುಟ್ಟದೆಯೇ ಓಡುತ್ತಾನೆ, ಮುಟ್ಟಿದರೆ ನಿಲ್ಲುತ್ತಾನೆ. ಬಟನ್ನಿಗೆ 30 ಮಿಲಿಮೀಟರ್ ತೂತು. ಕಚ್ಚಿಕೊಳ್ಳುವ ಬಟನ್ನು ದಪ್ಪ ಮರದಲ್ಲಿ ನಿಲ್ಲುವುದಿಲ್ಲ, ಹಾಗಾಗಿ ಡಬ್ಬದ ಮೇಲ್ಭಾಗಕ್ಕೆ ತೆಳ್ಳಗಿನ ಅಲ್ಯೂಮಿನಿಯಂ ಹಾಳೆ ಹಾಕಿ.

ಕ್ಯಾಸೆಟ್ ಹಾಕುವ, ಮಾರಿಯೋ, ಕಾಂಟ್ರಾ ಆಡುವ ಗೇಮು ಇದ್ದವರಿಗೆ ಒಂದು ಮಾತು. ಅದರದ್ದೂ ಕೆಲವದರಲ್ಲಿ ಒಂಬತ್ತು ತೂತಿನದೇ ಪ್ಲಗ್ಗು, ಆದರೆ ಅಟಾರಿ ಕೋಲು ಅದಕ್ಕೆ ಸಿಕ್ಕಿಸಬೇಡಿ. ಮುಖ ಒಂದೇ, ಜಾತಕ ಬೇರೆ. ಅದರ ಪ್ಯಾಡಿನೊಳಗೆ ಒಂದು ಚಿಪ್ಪು ಕೂತು ಎಂಟು ಬಟನ್ನಿನ ಸುದ್ದಿಯನ್ನು ಒಂದೊಂದಾಗಿ ಒಂದೇ ವೈರಿನಲ್ಲಿ ಕಳಿಸುತ್ತದೆ. ಹಳೇ ಪ್ಯಾಡನ್ನೇ ಬಿಚ್ಚಿ, ಅದರ ಬಟನ್ನಿನ ಜಾಗಕ್ಕೆ ಲಿವರಿನ ವೈರು ಬೆಸೆದರೆ ಆಯಿತು. ಅಲ್ಲೂ ನಾಲ್ಕು ಸ್ವಿಚ್ಚೇ, ಹೆದರುವುದು ಎಂತಕ್ಕೆ?

ಕಂಪ್ಯೂಟರಿಗೆ ಸಿಕ್ಕಿಸಬೇಕಾದರೆ ರಾಸ್ಬೆರಿ ಪೈ ಪಿಕೊ ಅಂತ ಒಂದು ಪುಟ್ಟ ಬೋರ್ಡು ಉಂಟು, ಅದಕ್ಕೆ... ಇಲ್ಲ, ಆಯಿತಂತೆ, ಇವರು ಕೈ ಬೀಸುತ್ತಿದ್ದಾರೆ. ಅಂಗಡಿ ಭಾನುವಾರ ರಜೆ. ತರುವಾಗ ಜಾಯ್‌ಸ್ಟಿಕ್ ಮಾತ್ರ ತಂದರೆ ಸಾಲದು, ಅದರ ಮೆಷೀನೂ ತನ್ನಿ. ನಮಸ್ಕಾರ.