ಬಸಿದ ಕಟ್ಟು, ಬಿಸಿ ಹಿಟ್ಟು

ಕೇಳುಗರಿಗೆ ನಮಸ್ಕಾರ.

1940–50ರ ದಶಕಗಳಲ್ಲಿ ತುಮಕೂರು, ಕೋಲಾರ, ಬೆಂಗಳೂರು ಸುತ್ತಿನ ಮಳೆ ನಂಬಿದ ಹಳ್ಳಿಗಳಲ್ಲಿ ದಿನಾಲೂ ಒಲೆಯ ಮೇಲೆ ಏನಿರುತ್ತಿತ್ತು? ರಾಗಿಮುದ್ದೆ ಎಂದು ಒಂದೇ ಮಾತಿನಲ್ಲಿ ಮುಗಿಸುವವರೇ ಹೆಚ್ಚು. ನನ್ನನ್ನು ಕೇಳಿದರೆ, ಆ ಅಡುಗೆಯ ಜಾಣತನವೆಲ್ಲ ಕಾಳು, ಸೊಪ್ಪು ಬೇಯಿಸಿ ಬಸಿದ ನೀರಿನಲ್ಲಿತ್ತು. ಅದೇ ಕಟ್ಟು. ಉರಿ ಒಂದೇ, ಮಡಕೆ ಒಂದೇ, ಆದರೆ ಸಾರೂ ಆಯಿತು, ಪಲ್ಯವೂ ಆಯಿತು.

ಮೊದಲು ಹಿಟ್ಟಿನ ಮಾತು. ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಾಳಿನ ಗುಂಡಿಯಲ್ಲಿ, ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಹುಳು ಹತ್ತದು. ಬೀಸಿದ ಹಿಟ್ಟು ಹಾಗಲ್ಲ, ಹಳತಾದರೆ ಕಮಟು ವಾಸನೆ, ಕಹಿ. ಅದಕ್ಕೇ ಬೀಸುವ ಕಲ್ಲಿನಲ್ಲಿ ಬೇಕಾದಷ್ಟನ್ನೇ ಆಗಾಗ ಬೀಸಿಕೊಳ್ಳುತ್ತಿದ್ದರು. ದುಡಿಯುವ ಐದು ಜನಕ್ಕೆ ಒಂದು ಹೊತ್ತಿಗೆ ಒಂದು ಸೇರು, ಅಂದರೆ ನಾಲ್ಕು ಪಾವು ಹಿಟ್ಟು. ಅದಕ್ಕೆ ಎರಡು ಸೇರಿಗೆ ತುಸು ಮೇಲೆ ನೀರು. ಒಂದು ಹಿಡಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಎಸರಿಗೆ ಬಿಟ್ಟು, ಅದು ಗಂಜಿಯಂತೆ ಉಕ್ಕುವಾಗ ಉಳಿದ ಹಿಟ್ಟನ್ನು ಗುಡ್ಡೆಯಾಗಿ ಸುರಿಯಬೇಕು. ಆಗಲೇ ತಿರುವಿದರೆ ಕೆಟ್ಟಿತು, ಒಳಗೆ ಒಣಹಿಟ್ಟಿನ ಗಂಟು ಉಳಿಯುತ್ತದೆ. ಕೋಲಿನಿಂದ ನಡುವೆ ತೂತು ಮಾಡಿ, ಉರಿ ತಗ್ಗಿಸಿ, ಎಸರು ಆ ತೂತಿನಿಂದ ಮೇಲೆ ಬುಸುಗುಟ್ಟುವ ಹಾಗೆ ಬೇಯಲು ಬಿಡಬೇಕು. ಆಮೇಲೆ ಮಡಕೆ ಇಳಿಸಿ, ಕವೆಗೋಲಿನಲ್ಲಿ ಅದುಮಿ ಹಿಡಿದು, ತೋಳಿನ ಬಲವೆಲ್ಲ ಹಾಕಿ ತಿರುವುವುದು. ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ. ಅಂಟಿದರೆ ಇನ್ನಷ್ಟು ಬಿಸಿನೀರು ಚಿಮುಕಿಸಿ ಮತ್ತೆ ಒಲೆಗೆ ಇಡಬೇಕು. ಬೇಯದ ಹಿಟ್ಟು ಹಲ್ಲಿಗೂ ಗಂಟಲಿಗೂ ಮೆತ್ತಿಕೊಳ್ಳುತ್ತದೆ.

ಮುದ್ದೆಯನ್ನು ಅಗಿಯುವುದಿಲ್ಲ, ನುಂಗುವುದು. ಆದ್ದರಿಂದ ಸಾರು ತೆಳ್ಳಗಿರಬೇಕು, ಖಾರ ಮುಂದಾಗಿರಬೇಕು. ಗಟ್ಟಿ ಸಾಂಬಾರು ಅನ್ನಕ್ಕೆ ಸರಿ, ಮುದ್ದೆಗೆ ಹೊಂದದು. ಕಟ್ಟು ಬೇಕಾದದ್ದೇ ಇಲ್ಲಿ.

ಬಸ್ಸಾರಿಗೆ ಒಂದು ಪಾವು ತೊಗರಿಬೇಳೆ, ಇಲ್ಲವೇ ಅಲಸಂದೆ ಕಾಳು. ಒಂದೂವರೆ ಸೇರು ನೀರು. ಕಾಳಾದರೆ ಹಿಂದಿನ ರಾತ್ರಿ ನೆನೆಹಾಕಬೇಕು. ಮುಕ್ಕಾಲು ಬೆಂದ ಮೇಲೆ ಸೊಪ್ಪು: ದಂಟು, ನುಗ್ಗೆ, ಅಣ್ಣೆ, ಹೊನಗೊನ್ನೆ, ಹೊಲದ ಬದುವಿನಲ್ಲಿ ಕೈಗೆ ಸಿಕ್ಕ ಬೆರಕೆ ಸೊಪ್ಪಾದರೆ ಇನ್ನೂ ಮೇಲು. ಬೇಳೆ ಹಿಚುಕಿದರೆ ಮೆತ್ತಗಾಗಬೇಕು, ಕರಗಬಾರದು. ಕರಗಿತೋ, ಕಟ್ಟು ರಾಡಿಯಾಗುತ್ತದೆ, ಪಲ್ಯ ಮುದ್ದೆಗಟ್ಟುತ್ತದೆ. ಹುಣಸೆಹಣ್ಣನ್ನು ಮೊದಲೇ ಹಾಕಿದರಂತೂ ಕಾಳು ಎಷ್ಟು ಹೊತ್ತಾದರೂ ಬೇಯದು, ಹುಳಿ ಅದನ್ನು ಬಿಗಿಮಾಡುತ್ತದೆ. ಗಡಸು ನೀರಿನದೂ ಅದೇ ತೊಂದರೆ. ಸವುಳು ಬಾವಿಯ ಊರುಗಳಲ್ಲಿ ಬೇಳೆಗೆಂದೇ ಸಿಹಿನೀರಿನ ಬಾವಿಯಿಂದ ಒಂದು ಕೊಡ ಬೇರೆ ತರುತ್ತಿದ್ದುದು ಸುಮ್ಮನೆ ಅಲ್ಲ.

ಬಸಿದ ಮೇಲೆ ಬೆಂದದ್ದರಲ್ಲಿ ಒಂದು ಹಿಡಿ ಎತ್ತಿಟ್ಟುಕೊಳ್ಳಬೇಕು, ಉಳಿದದ್ದು ಪಲ್ಯಕ್ಕೆ. ಕೆಂಡದಲ್ಲಿ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಕೊತ್ತಂಬರಿ ಬೀಜ, ಜೀರಿಗೆ, ನಾಲ್ಕು ಕಾಳುಮೆಣಸು, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಇದ್ದರೆ ಒಂದು ಚೂರು ತೆಂಗಿನಕಾಯಿ, ಇವುಗಳ ಜೊತೆ ಆ ಹಿಡಿಯನ್ನೂ ಒರಳಿಗೆ ಹಾಕಿ ನುಣ್ಣಗೆ ರುಬ್ಬಿ, ಕಟ್ಟಿಗೆ ಕದಡಿ ಕುದಿಸಿ ಒಗ್ಗರಣೆ ಕೊಟ್ಟರೆ ಬಸ್ಸಾರು. ಆ ಒಂದು ಹಿಡಿ ಮರೆತರೆ ನೀರು ಒಂದು ಕಡೆ, ಖಾರ ಒಂದು ಕಡೆ. ಹಳ್ಳಿಯ ಸಾರಿಗೆ ಆಗ ಟೊಮೇಟೊ ಬೇಕೆನಿಸಿರಲಿಲ್ಲ, ಹುಳಿಗೆ ಹುಣಸೆಯೇ.

ಮಂಡ್ಯ, ಮೈಸೂರು ಕಡೆ ಉಪ್ಸಾರು ಇನ್ನೂ ಸರಳ. ಕಟ್ಟಿಗೆ ಬರೀ ಉಪ್ಪು, ರುಬ್ಬಿದ ಖಾರ ತಟ್ಟೆಯ ಅಂಚಿಗೆ ಬೇರೆ. ಯಾರಿಗೆ ಎಷ್ಟು ಬೇಕೋ ಅಷ್ಟು ಕಲಸಿಕೊಳ್ಳುವುದು. ಎತ್ತು ಕಟ್ಟಿದ ಮನೆಗಳಲ್ಲಿ ಹುರುಳಿ ಬೇಯಿಸಿದರೆ ಕಾಳು ಎತ್ತಿಗೆ, ಕಟ್ಟು ಮನೆಮಂದಿಯ ಸಾರಿಗೆ. ಗಟ್ಟಿ ಹುರುಳಿಕಟ್ಟಿನ ಸಾರು ಮೂರು ಸಲ ಕಾಯಿಸಿದರೂ ರುಚಿ ಏರುತ್ತಲೇ ಹೋಗುತ್ತದೆ. ಪಾಲು ಹಂಚಿಕೆಯಲ್ಲಿ ಎತ್ತಿಗೆ ಮೋಸವಾಯಿತೆಂದೇ ನನ್ನ ತೀರ್ಮಾನ.

ಅನ್ನ? ಹಬ್ಬಕ್ಕೆ, ನೆಂಟರಿಗೆ, ಕಾಯಿಲೆಯವರಿಗೆ. ಕೃಷ್ಣರಾಜಸಾಗರದ ನಾಲೆ ಹರಿದ ಕಡೆ ಭತ್ತ ಬೆಳೆದರೂ ಹಲವು ಮನೆಗಳಲ್ಲಿ ಭತ್ತ ಮಾರಾಟಕ್ಕೆ, ರಾಗಿ ಊಟಕ್ಕೆ. 1942ರಲ್ಲಿ ಬರ್ಮಾ ಜಪಾನಿನ ಕೈಸೇರಿ ಅಲ್ಲಿಂದ ಅಕ್ಕಿ ಬರುವುದು ನಿಂತಾಗ ಪೇಟೆಯ ಅನ್ನದ ಮನೆಗಳಿಗೆ ಬಿಸಿ ತಟ್ಟಿತು, ರೇಷನ್ ಸಾಲು ಬಂತು. ಹಗೇವಿನಲ್ಲಿ ರಾಗಿ ಇದ್ದವರಿಗೆ ಲೆವಿಯ, ಅಂದರೆ ಸರ್ಕಾರಕ್ಕೆ ಕಡ್ಡಾಯವಾಗಿ ಧಾನ್ಯ ಅಳೆದುಕೊಡುವುದರ, ಕಾಟ ಬೇರೆ ಮಾತು. ಊಟದ ಬಗೆಯಂತೂ ಬದಲಾಗಲಿಲ್ಲ.

ರಾತ್ರಿ ಉಳಿದ ಮುದ್ದೆಗೆ ನೀರು ಹಾಕಿಟ್ಟು, ಬೆಳಗ್ಗೆ ಕಿವುಚಿ ಉಪ್ಪು, ಮಜ್ಜಿಗೆ, ಹೆಚ್ಚಿದ ಈರುಳ್ಳಿ ಸೇರಿಸಿದರೆ ಅಂಬಲಿ. ಬೇಸಿಗೆಯಲ್ಲಿ ಬೇಗ ಹುಳಿಯುವುದರಿಂದ ನೀರು ಹಾಕುವುದನ್ನು ಮಲಗುವ ಹೊತ್ತಿಗೆ ಮುಂದೂಡಬೇಕು. ಬಸ್ಸಾರು ಮಾರನೆಯ ದಿನ ಇನ್ನೂ ರುಚಿ, ಆದರೆ ರಾತ್ರಿ ಮಲಗುವ ಮುಂಚೆ ಒಮ್ಮೆ ಚೆನ್ನಾಗಿ ಕುದಿಸಿಟ್ಟಿರಬೇಕು. ಕಾಯಿ ರುಬ್ಬಿ ಹಾಕಿದ್ದರೆ ಆ ಭರವಸೆಯೂ ಇಲ್ಲ, ಅಂಥದ್ದನ್ನು ಅಂದೇ ಖರ್ಚು ಮಾಡುವುದು ಲೇಸು.