ವೆಟಲ್ ಬಿಟ್ಟ ಸೀಟಿಗೆ ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

2022ರ ಜುಲೈ 28ರಂದು, ಹಂಗೇರಿ ಗ್ರ್ಯಾನ್ ಪ್ರಿಗೆ ಮೂರು ದಿನವಿರುವಾಗ, ಜರ್ಮನಿಯ ಸೆಬಾಸ್ಟಿಯನ್ ವೆಟಲ್ ಆ ವರ್ಷದ ಕೊನೆಗೆ ಫಾರ್ಮುಲಾ ಒನ್ ಕಾರು ರೇಸಿನಿಂದ ನಿವೃತ್ತರಾಗುವುದಾಗಿ ಪ್ರಕಟಿಸಿದರು. 2010ರಿಂದ 2013ರವರೆಗೆ ಸತತ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆಗಿ, 53 ರೇಸುಗಳನ್ನು ಗೆದ್ದಿದ್ದ ಅವರಿಗೆ ಆಗ 35 ವರ್ಷ. ಗ್ರೇಟರ್ ನೊಯ್ಡಾದ ಬುದ್ಧ ಸರ್ಕ್ಯೂಟ್‌ನಲ್ಲಿ ನಡೆದ ಮೂರು ಗ್ರ್ಯಾನ್ ಪ್ರಿಗಳನ್ನೂ ಗೆದ್ದವರು ಅವರೇ. 2013ರಲ್ಲಿ ಅಲ್ಲಿ ನಾಲ್ಕನೆಯ ಪಟ್ಟ ಖಚಿತವಾದಾಗ, ಪ್ರೇಕ್ಷಕರ ಎದುರು ಕಾರನ್ನು ಹೊಗೆಯೇಳುವಂತೆ ಗಿರಗಿರನೆ ತಿರುಗಿಸಿ, ಕೆಳಗಿಳಿದು, ಅದರ ಮುಂದೆ ಮಂಡಿಯೂರಿ ತಲೆಬಾಗಿದ ಅವರ ರೂಪ ಆ ರೇಸನ್ನು ಕಂಡವರಿಗೆ ಇನ್ನೂ ನೆನಪಿರುತ್ತದೆ.

ಅವರು ತೆರವು ಮಾಡಿದ್ದು ಆಸ್ಟನ್ ಮಾರ್ಟಿನ್ ತಂಡದ ಸೀಟನ್ನು. ಈ ತಂಡ ನಮಗೆ ದೂರದ್ದೇನೂ ಅಲ್ಲ. ಬೆಂಗಳೂರಿನ ಉದ್ಯಮಿ ವಿಜಯ್ ಮಲ್ಯ ಸಹ-ಒಡೆಯರಾಗಿದ್ದ ಫೋರ್ಸ್ ಇಂಡಿಯಾ, 2018ರಲ್ಲಿ ಹಣಕಾಸಿನ ಮುಗ್ಗಟ್ಟಿಗೆ ಸಿಲುಕಿ, ಕೆನಡಾದ ಲಾರೆನ್ಸ್ ಸ್ಟ್ರೋಲ್ ಅವರ ಕೂಟದ ಕೈಸೇರಿ, ರೇಸಿಂಗ್ ಪಾಯಿಂಟ್ ಎನಿಸಿಕೊಂಡು, 2021ರಿಂದ ಆಸ್ಟನ್ ಮಾರ್ಟಿನ್ ಆಯಿತು. ಸಿಲ್ವರ್‌ಸ್ಟೋನ್‌ನ ನೆಲೆ ಮಾತ್ರ ಬದಲಾಗಲಿಲ್ಲ.

ತಂಡದ ಕಾರು ಆಗ ಎಷ್ಟು ಹಿಂದುಳಿದಿತ್ತೆಂಬುದಕ್ಕೆ ವೆಟಲ್ ಅವರ ಕೊನೆಯ ರೇಸೇ ಸಾಕ್ಷಿ. ಅಬುಧಾಬಿಯಲ್ಲಿ ಒಂಬತ್ತನೆಯವರಾಗಿ ಹೊರಟ ಅವರು, ಒಂದೇ ಬಾರಿ ಟೈರು ಬದಲಿಸುವ ತಂಡದ ಲೆಕ್ಕಾಚಾರ ಕೈಕೊಟ್ಟು, ಹತ್ತನೆಯವರಾಗಿ ಮುಗಿಸಿ ಒಂದು ಅಂಕ ಗಳಿಸಿದರು. ಇನ್ನೊಂದು ಸ್ಥಾನ ಮೇಲೇರಿದ್ದರೂ ವರ್ಷದ ತಂಡಗಳ ಪಟ್ಟಿಯಲ್ಲಿ ಆಸ್ಟನ್ ಮಾರ್ಟಿನ್ ಆರನೆಯದಾಗುತ್ತಿತ್ತು. ಆಲ್ಫಾ ರೋಮಿಯೊ ತಂಡದ ಜೊತೆ 55 ಅಂಕಗಳಲ್ಲಿ ಸಮವಾಗಿ ನಿಂತರೂ ಏಳನೆಯ ಸ್ಥಾನವೇ ಗತಿಯಾಯಿತು.

ಇಂಥ ತಂಡಕ್ಕೆ ಎಂಥ ಚಾಲಕ ಬೇಕಿತ್ತು? ಕೋವಿಡ್ ಕಾರಣದಿಂದ ವೆಟಲ್ ಗೈರಾದ ಎರಡು ರೇಸುಗಳಲ್ಲಿ ಓಡಿಸಿದ್ದ ನಿಕೊ ಹುಲ್ಕೆನ್‌ಬರ್ಗ್ ಇದ್ದರು. ಕೆಳಹಂತದ ಫಾರ್ಮುಲಾ ಟೂ ಪಂದ್ಯಾವಳಿಯಲ್ಲಿ ಹೆಸರು ಮಾಡುತ್ತಿದ್ದ ಹುಡುಗರಿದ್ದರು. ತಂಡ ಮಾತ್ರ ನಾಲ್ಕೇ ದಿನಗಳಲ್ಲಿ, 41 ತುಂಬಿದ ಸ್ಪೇನಿನ ಫರ್ನಾಂಡೊ ಅಲೊನ್ಸೊ ಅವರ ಹೆಸರನ್ನು ಪ್ರಕಟಿಸಿತು. ಮೂವತ್ತೈದರವರು ಸಾಕೆಂದು ಎದ್ದುಹೋದ ಜಾಗಕ್ಕೆ ಅವರಿಗಿಂತ ಆರು ವರ್ಷ ಹಿರಿಯರನ್ನು ತಂದು ಕೂರಿಸಿದರೆ ಕಿರಿಯರ ಗತಿಯೇನು ಎಂಬ ಆಕ್ಷೇಪ ಸಹಜವಾಗಿಯೇ ಎದ್ದಿತು.

ಆದರೂ ಆ ಆಯ್ಕೆ ಸರಿಯಾಗಿತ್ತೆಂಬುದು ನನ್ನ ಖಚಿತ ಅಭಿಪ್ರಾಯ. ಕಾರು ಇನ್ನೂ ರೂಪುಗೊಳ್ಳುತ್ತಿರುವಾಗ, ದೋಷ ಕಾರಿನದೋ ತನ್ನದೋ ಎಂಬುದನ್ನು ಅನುಮಾನವಿಲ್ಲದೆ ಹೇಳಬಲ್ಲವರು ಬೇಕು. ಹೊಸಬರಿಗೆ ಆ ಅಳತೆಗೋಲು ಇನ್ನೂ ಕೈಗೆ ಬಂದಿರುವುದಿಲ್ಲ. 2023ರ ಮೊದಲ ರೇಸಾದ ಬಹರೇನ್‌ನಲ್ಲಿಯೇ ಅಲೊನ್ಸೊ ಮರ್ಸಿಡಿಸ್ ತಂಡದ ಹ್ಯಾಮಿಲ್ಟನ್ ಮತ್ತು ಫೆರಾರಿ ತಂಡದ ಸೈನ್ಜ್ ಇಬ್ಬರನ್ನೂ ಹಿಂದಿಕ್ಕಿ ಮೂರನೆಯವರಾದರು. ಆ ವರ್ಷ ಎಂಟು ಬಾರಿ ಮೊದಲ ಮೂವರ ಪೋಡಿಯಂ ಏರಿ, 206 ಅಂಕಗಳೊಡನೆ ಚಾಲಕರಲ್ಲಿ ನಾಲ್ಕನೆಯ ಸ್ಥಾನ ಪಡೆದರು. ಕಾರು ಸುಧಾರಿಸಿತ್ತು, ನಿಜ. ಆದರೆ ಅದೇ ಕಾರಿನಲ್ಲಿ ಜೊತೆಗಾರ, ಒಡೆಯ ಲಾರೆನ್ಸ್ ಅವರ ಮಗ ಲ್ಯಾನ್ಸ್ ಸ್ಟ್ರೋಲ್ ಗಳಿಸಿದ್ದು 74. ಮಣಿಕಟ್ಟಿನ ಮೂಳೆ ಮುರಿದುಕೊಂಡೇ ಆ ವರ್ಷವನ್ನು ಆರಂಭಿಸಿದ್ದ ಲ್ಯಾನ್ಸ್ ಅವರಿಗೆ ಸಲ್ಲಬೇಕಾದ ರಿಯಾಯಿತಿಯನ್ನೆಲ್ಲ ಸಲ್ಲಿಸಿದರೂ, ಅಂತರ ಬಹಳ ದೊಡ್ಡದು. ಮಯಾಮಿಯಲ್ಲಿ ಅಲೊನ್ಸೊ ಮೂರನೆಯ ಸ್ಥಾನದಲ್ಲಿ ಓಡಿಸುತ್ತಲೇ, ಟ್ರ್ಯಾಕಿನ ಪಕ್ಕದ ದೊಡ್ಡ ಪರದೆಯಲ್ಲಿ ಲ್ಯಾನ್ಸ್ ಎದುರಾಳಿಯನ್ನು ದಾಟಿದ್ದನ್ನು ನೋಡಿ, ರೇಡಿಯೊದಲ್ಲಿ ಮೆಚ್ಚುಗೆ ಸೂಚಿಸಿದರು. ರೇಸಿನ ನಡುವೆ ಇಷ್ಟು ನಿರಾಳವಾಗಿ ಸುತ್ತಲಿನದನ್ನು ಗಮನಿಸುವ ಮನಸ್ಸು ವರ್ಷಗಟ್ಟಲೆ ಓಡಿಸಿಯೇ ಬರುವಂಥದು.

ಇದಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಅಲೊನ್ಸೊ ತೊರೆದ ಆಲ್ಪೀನ್ ತಂಡ ಮರುದಿನವೇ ಆಸ್ಟ್ರೇಲಿಯದ ಆಸ್ಕರ್ ಪಿಯಾಸ್ಟ್ರಿ ಅವರನ್ನು ತನ್ನ ಚಾಲಕನೆಂದು ಘೋಷಿಸಿತು. ಅದೇ ದಿನ ಪಿಯಾಸ್ಟ್ರಿ ಅದನ್ನು ಅಲ್ಲಗಳೆದರು. ಒಪ್ಪಂದಗಳನ್ನು ಪರಿಶೀಲಿಸುವ ಮಂಡಳಿಯ ತೀರ್ಪು, ಅವರು ತನ್ನವರೆಂದ ಮೆಕ್ಲಾರೆನ್ ತಂಡದ ಪರ ಬಂದು, ಪಿಯಾಸ್ಟ್ರಿ ಅಲ್ಲಿಗೆ ಸೇರಿ, 2024ರಲ್ಲಿ ಹಂಗೇರಿಯಲ್ಲಿ ಮೊದಲ ಗೆಲುವು ಕಂಡರು. ಅಷ್ಟು ಅದೃಷ್ಟ ಎಲ್ಲರಿಗೂ ಒದಗಲಿಲ್ಲ. 2022ರ ಫಾರ್ಮುಲಾ ಟೂ ಚಾಂಪಿಯನ್, ಬ್ರೆಜಿಲ್‌ನ ಫೆಲಿಪೆ ಡ್ರುಗೊವಿಚ್, ಆಸ್ಟನ್ ಮಾರ್ಟಿನ್ ತಂಡದಲ್ಲಿಯೇ ಮೀಸಲು ಚಾಲಕರಾಗಿ, ಪರೀಕ್ಷಾ ಓಟಗಳಲ್ಲಿಯೇ ಉಳಿಯಬೇಕಾಯಿತು. ಪ್ರತಿಭೆಯೊಂದು ತನ್ನ ಅತ್ಯುತ್ತಮ ವರ್ಷಗಳನ್ನು ಹೀಗೆ ಕಾಯುತ್ತ ಕಳೆಯುವುದು ನೋವಿನ ವಿಷಯ.

ಅದೇ ಪ್ರಶ್ನೆ ಈಗ ಅಲೊನ್ಸೊ ಅವರ ಸೀಟಿಗೂ ಬಂದಿದೆ. 2024ರ ಏಪ್ರಿಲ್‌ನಲ್ಲಿ ಅವರು ಮಾಡಿಕೊಂಡ ಒಪ್ಪಂದ 2026ರವರೆಗಿನದು. ಆ ಜುಲೈಗೆ ಅವರಿಗೆ 45. ಈ ಸಲ ಆ ಜಾಗಕ್ಕೆ ಕಿರಿಯರೊಬ್ಬರೇ ಬರಬೇಕೆಂದು ನಾನು ಬಯಸುತ್ತೇನೆ, ಏಕೆಂದರೆ ಹೊಸಬರಿಗೆ ಕಲಿಸಬಲ್ಲವರು ಈಗ ತಂಡದೊಳಗೇ ಇದ್ದಾರೆ. ಪ್ರತಿ ಕಾರನ್ನೂ ವರ್ಷಕ್ಕೆ ಎರಡು ಬಾರಿ ಅಭ್ಯಾಸದ ಅವಧಿಯಲ್ಲಿ ಹೊಸಬರ ಕೈಗೆ ಕೊಡಬೇಕೆಂಬ ನಿಯಮ 2025ರಿಂದ ಜಾರಿಯಲ್ಲಿದೆ. ಅದನ್ನು ಕಾಟಾಚಾರಕ್ಕೆ ಪಾಲಿಸದೆ, ಒಬ್ಬನೇ ಹುಡುಗನನ್ನು ಆರಿಸಿ, ಅವನು ಓಡಿಸಿ ಬಂದೊಡನೆ ಅಲೊನ್ಸೊ ಪಕ್ಕದಲ್ಲಿ ಕೂರಿಸಿ, ಇಬ್ಬರ ಬ್ರೇಕು, ತಿರುವು, ಟೈರುಗಳ ಅಂಕಿಅಂಶಗಳನ್ನು ಒಟ್ಟಿಗೆ ಇಟ್ಟು ನೋಡುವ ಕೆಲಸವನ್ನು ತಂಡ ಅವರ ನಿವೃತ್ತಿಯ ಪ್ರಕಟಣೆಗೆ ಕಾಯದೆ ಆರಂಭಿಸಲಿ.

ನಮಸ್ಕಾರ.