ಕೊಲೆಗಾರರನ್ನ ಮಾತ್ರ ಬದಲಾಯಿಸಬೇಡಿ

ನಮಸ್ಕಾರ. ಚಿಕ್ಕಮಗಳೂರಲ್ಲಿ ಮಳೆ ಹಿಡಿದುಬಿಟ್ಟಿದೆ. ಈಗ ನೀವು ನೋಡ್ತಿರೋದು ನಮ್ಮನೆ ಕಿಟಕಿ. ಅದರಾಚೆ ಗಿರಿಸಾಲು ಕಾಣ್ಬೇಕಿತ್ತು, ಮೋಡ ಮುಚ್ಕೊಂಡಿದೆ. ಮುಳ್ಳಯ್ಯನಗಿರಿಗೆ ಕ್ಯಾಮೆರಾ ಹೊತ್ಕೊಂಡು ಹೋಗೋ ದಿನಗಳಲ್ಲ ಇವು. ಪತ್ತೇದಾರಿ ಸರಣಿ ನೋಡೋದಕ್ಕೆ ಮಾತ್ರ ಇದಕ್ಕಿಂತ ಒಳ್ಳೇ ಕಾಲ ಸಿಗಲ್ಲ. ನಾನು, ನಮ್ಮ ದೊಡ್ಡಮ್ಮ ಇಬ್ರೂ ಸೇರಿ ಹಳೇ ಕಾದಂಬರಿಗಳನ್ನ ಓದೋದು, ಆಮೇಲೆ ಅವುಗಳ ಟಿವಿ ರೂಪ ನೋಡೋದು, ಇದೇ ಕೆಲಸ. ದೊಡ್ಡಮ್ಮ ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದೋರು, ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಕಾರ್ತಿ ಅಗಾಥಾ ಕ್ರಿಸ್ಟಿ ಅಂದ್ರೆ ಪ್ರಾಣ. ಹಾಗಾಗಿ ಒಂದೊಂದು ಎಪಿಸೋಡ್ ಮುಗಿದಾಗಲೂ ಮನೆಯಲ್ಲಿ ಏಳೋ ಪ್ರಶ್ನೆ ಒಂದೇ: ಇದನ್ನ ಯಾಕೆ ಬದಲಾಯಿಸಿದ್ರು?

ಮೊದಲೇ ಹೇಳಿಬಿಡ್ತೀನಿ. ಯಾವ ಕಥೆಯಲ್ಲೂ ಕೊಲೆ ಮಾಡಿದ್ದು ಯಾರು ಅಂತ ನಾನು ಬಾಯಿ ಬಿಡಲ್ಲ. ಧೈರ್ಯವಾಗಿ ಕೇಳಿ.

ಶುರು ಮಾಡೋದು ಕ್ರಿಸ್ಟಿಯ ಪ್ವಾರೋನಿಂದಲೇ. ಮೊಟ್ಟೆಯಾಕಾರದ ತಲೆ, ತಿರುವಿದ ಮೀಸೆ, ಬೆಲ್ಜಿಯಂನಿಂದ ಬಂದು ಇಂಗ್ಲೆಂಡಿನಲ್ಲಿ ನೆಲೆಸಿದ ಪತ್ತೇದಾರ. ಬ್ರಿಟನ್ನಿನ ಐಟಿವಿಯಲ್ಲಿ ಡೇವಿಡ್ ಸೂಶೆ ಈ ಪಾತ್ರವನ್ನ 1989ರಿಂದ 2013ರವರೆಗೆ ಮಾಡಿದ್ರು, ಒಟ್ಟು 70 ಎಪಿಸೋಡ್. ಪಾತ್ರ ಒಪ್ಪಿಕೊಂಡ ಮೇಲೆ ಅವರು ಕ್ರಿಸ್ಟಿಯ ಪುಸ್ತಕಗಳನ್ನ ಓದ್ತಾ ಓದ್ತಾ ಪ್ವಾರೋನ ಗುಣ, ಅಭ್ಯಾಸಗಳನ್ನೆಲ್ಲ ಪಟ್ಟಿ ಮಾಡಿಟ್ಕೊಂಡ್ರು. 93 ಅಂಶಗಳ ಪಟ್ಟಿ ಅದು. ಕಾಫಿ ಕುಡಿದ್ರೆ ಹಾಲಿಲ್ಲದ್ದೇ ಆಗಬೇಕು. ಸಕ್ಕರೆ ನಾಲ್ಕು ತುಂಡು, ಕೆಲವು ಸಲ ಮೂರು, ಎಲ್ಲೋ ಒಂದೆರಡು ಸಲ ಐದು. ಕಾಫಿ ಬೆಳೆಯೋ ಊರಲ್ಲಿ ಕೂತು ಇದನ್ನ ಓದಿದಾಗ ಆ ನಟನ ಮೇಲೆ ನಂಗೆ ತುಂಬ ಗೌರವ ಬಂತು. ಕ್ರಿಸ್ಟಿ ಎಲ್ಲೋ ಒಂದು ಪುಟದಲ್ಲಿ ಹೇಳಿ ಮುಂದೆ ಹೋದ ಸಕ್ಕರೆ ಲೆಕ್ಕವನ್ನೂ ಆತ ಬಿಟ್ಟಿಲ್ಲ.

ಸೂಶೆ ತಮ್ಮ ನೆನಪಿನ ಪುಸ್ತಕದಲ್ಲಿ ಒಂದು ಪ್ರಸಂಗ ಬರೆದಿದ್ದಾರೆ. ಶುರುವಿನ ದಿನಗಳ ಚಿತ್ರೀಕರಣ, ಪಾರ್ಕಿನ ಬೆಂಚಿನ ಮೇಲೆ ಕೂರಬೇಕು. ಪ್ವಾರೋ ಕರವಸ್ತ್ರದಿಂದ ಬೆಂಚು ಒರೆಸದೆ ಕೂರೋ ಮನುಷ್ಯನೇ ಅಲ್ಲ ಅಂತ ಇವರು. ಹಾಗೆ ಮಾಡಿದ್ರೆ ನೋಡೋರಿಗೆ ನಗು ಬರುತ್ತೆ ಅಂತ ನಿರ್ದೇಶಕರು. ಇಬ್ರೂ ಬಗ್ಗಲಿಲ್ಲ. ಕೊನೆಗೆ ನಿರ್ಮಾಪಕರು ಸೂಶೆ ಪರ ನಿಂತ್ರು. ಒಂದು ಕರವಸ್ತ್ರಕ್ಕೆ ಇಷ್ಟು ಜಗಳವಾ ಅಂತ ಅನಿಸಬಹುದು. ನನ್ನ ಪ್ರಕಾರ ಮಾಡಬೇಕಾದ ಜಗಳವೇ ಅದು.

ಯಾಕಂದ್ರೆ ಇದೇ ಸರಣಿ ಬೇರೆ ಎಷ್ಟೋ ವಿಷಯಗಳನ್ನ ಧಾರಾಳವಾಗಿ ಬದಲಾಯಿಸಿದೆ. ಪ್ವಾರೋ ಕಾದಂಬರಿಗಳು ಬಂದಿದ್ದು 1920ರಿಂದ 1975ರವರೆಗೆ. ಟಿವಿಯಲ್ಲಿ ಹೆಚ್ಚುಕಮ್ಮಿ ಎಲ್ಲವೂ 1930ರ ದಶಕಕ್ಕೆ ಬಂದು ನಿಂತವು. ಪ್ವಾರೋನ ಮನೆ ಅಂತ ತೋರಿಸೋದು ಲಂಡನ್ನಿನ ಫ್ಲೋರಿನ್ ಕೋರ್ಟ್ ಅನ್ನೋ ಕಟ್ಟಡವನ್ನ, ಆ ದಶಕದ್ದೇ, ಅಲೆಅಲೆಯಾಗಿ ಬಳುಕೋ ಮುಂಗೋಡೆಯದ್ದು. ಪ್ವಾರೋನ ಗೆಳೆಯ ಹೇಸ್ಟಿಂಗ್ಸ್, ಕಾರ್ಯದರ್ಶಿ ಮಿಸ್ ಲೆಮನ್, ಪೊಲೀಸ್ ಇನ್‌ಸ್ಪೆಕ್ಟರ್ ಜ್ಯಾಪ್, ಈ ಮೂವರೂ ಪುಸ್ತಕದಲ್ಲಿ ಇಲ್ಲದ ಕಥೆಗಳಿಗೂ ಬಂದು ಸೇರ್ಕೊಂಡ್ರು. ಇದಕ್ಕೆ ನನ್ನ ತಕರಾರು ಇಲ್ಲ. ಪುಸ್ತಕದಲ್ಲಿ ಪ್ವಾರೋ ಮನಸ್ಸಿನೊಳಗೇ ಯೋಚಿಸ್ತಾನೆ, ಟಿವಿಯಲ್ಲಿ ಯಾರಿಗಾದ್ರೂ ಬಾಯಿಬಿಟ್ಟು ಹೇಳ್ಬೇಕು. ಹೇಳೋದಕ್ಕೆ ಒಬ್ಬ ಹೇಸ್ಟಿಂಗ್ಸ್ ಬೇಕೇ ಬೇಕು.

ಈಗ ನಾನು ಅತಿ ಹೆಚ್ಚು ಪ್ರೀತಿಸೋ ಎಪಿಸೋಡ್. ‘ಫೈವ್ ಲಿಟಲ್ ಪಿಗ್ಸ್’. ಕಾದಂಬರಿ 1942ರದ್ದು, ಟಿವಿಯಲ್ಲಿ ಬಂದಿದ್ದು 2003ರಲ್ಲಿ. ಒಬ್ಬ ಚಿತ್ರಕಾರ, ಹೆಸರು ಏಮಿಯಸ್ ಕ್ರೇಲ್. ಬೇಸಿಗೆಯ ಒಂದು ದಿನ ಚಿತ್ರ ಬರೀತಾ ಇದ್ದೋನು ವಿಷದಿಂದ ಸಾಯ್ತಾನೆ. ಹೆಂಡತಿ ಕ್ಯಾರೊಲಿನ್‌ಗೆ ಶಿಕ್ಷೆ ಆಗುತ್ತೆ. ವರ್ಷಗಳಾದ ಮೇಲೆ ಮಗಳು ಪ್ವಾರೋ ಹತ್ರ ಬಂದು, ನಮ್ಮಮ್ಮ ಕೊಲೆ ಮಾಡಿಲ್ಲ, ದಯವಿಟ್ಟು ಹುಡುಕಿ ಅಂತಾಳೆ. ಆ ದಿನ ಆ ಮನೆಯಲ್ಲಿದ್ದ ಐದು ಜನ ಒಬ್ಬೊಬ್ಬರಾಗಿ ತಮ್ಮ ನೆನಪು ಹೇಳ್ತಾರೆ. ಕಥೆ ಇಷ್ಟೇ.

ಪುಸ್ತಕದಲ್ಲಿ ಕ್ಯಾರೊಲಿನ್ ಜೈಲಿನಲ್ಲಿ ತೀರಿಕೊಳ್ತಾಳೆ. ಟಿವಿಯಲ್ಲಿ ಆಕೆಯನ್ನ ಗಲ್ಲಿಗೇರಿಸ್ತಾರೆ. ಇದು ಸಣ್ಣ ಬದಲಾವಣೆ ಅಲ್ಲ. ಅದನ್ನ ನೋಡಿ ದೊಡ್ಡಮ್ಮ ಕನ್ನಡಕ ತೆಗೆದು ಪಕ್ಕಕ್ಕಿಟ್ಟು, ‘ಇದು ಬೇಕಿತ್ತೇನೇ?’ ಅಂದ್ರು. ನಾನೂ ಅವತ್ತು ಯೋಚಿಸ್ದೆ. ಬೇಕಿತ್ತು ಅನಿಸ್ತು. ಸತ್ಯ ಹೊರಗೆ ಬಂದ್ರೂ ಆಕೆಗೆ ನ್ಯಾಯ ಸಿಗಲ್ಲ ಅನ್ನೋದು ಪುಸ್ತಕದಲ್ಲೇ ಇರೋ ಸಂಕಟ. ಟಿವಿ ಅದನ್ನ ಕಣ್ಣೆದುರಿಗೆ ತಂದು ನಿಲ್ಲಿಸ್ತು. ಅದಿಲ್ಲದೆ ಮಗಳ ಹುಡುಕಾಟಕ್ಕೆ ಆ ತೂಕ ಬರ್ತಿರ್ಲಿಲ್ಲ. ಇನ್ನೊಂದು ಬದಲಾವಣೆನೂ ಇದೆ. ಏಮಿಯಸ್‌ನ ಗೆಳೆಯ ಫಿಲಿಪ್ ಬ್ಲೇಕ್ ಪುಸ್ತಕದಲ್ಲಿ ಒಳಗೊಳಗೇ ಪ್ರೀತಿಸಿದ್ದು ಕ್ಯಾರೊಲಿನ್‌ಳನ್ನ, ಟಿವಿಯಲ್ಲಿ ಏಮಿಯಸ್‌ನನ್ನೇ. ಅವನ ಕಹಿಗೆ ಕಾರಣ ಬದಲಾಯ್ತು, ಕಹಿ ಹಾಗೇ ಉಳೀತು. ಸುಳಿವುಗಳಲ್ಲಿ ಒಂದೂ ಅಲುಗಾಡಲಿಲ್ಲ.

ಆ ಸುಳಿವುಗಳಲ್ಲಿ ಒಂದನ್ನ ಹತ್ತಿರದಿಂದ ನೋಡೋಣ. ಹೆದರ್ಬೇಡಿ, ಇದರಿಂದ ಗುಟ್ಟೇನೂ ಬಯಲಾಗಲ್ಲ. ಹೆಂಡತಿ ತಣ್ಣನೆ ಬಿಯರ್ ತಂದ್ಕೊಡ್ತಾಳೆ. ಏಮಿಯಸ್ ಒಂದೇ ಗುಟುಕಿಗೆ ಕುಡಿದು, ಇವತ್ತು ಏನು ಕುಡಿದ್ರೂ ಕೆಟ್ಟ ರುಚಿ ಅಂತ ಮುಖ ಸಿಂಡರಿಸ್ತಾನೆ. ಓದುವಾಗ ಇದು ಸಿಡುಕು ಸ್ವಭಾವದ ಮನುಷ್ಯನ ಇನ್ನೊಂದು ಗೊಣಗಾಟ, ಕಣ್ಣು ಮುಂದಿನ ಸಾಲಿಗೆ ಹೋಗುತ್ತೆ. ಪ್ವಾರೋ ಮಾತ್ರ ಅಲ್ಲೇ ನಿಲ್ತಾನೆ. ಇದನ್ನೇ ಟಿವಿಯಲ್ಲಿ ತೋರಿಸೋದು ಎಷ್ಟು ಕಷ್ಟ ಯೋಚಿಸಿ. ಕ್ಯಾಮೆರಾ ಆ ಗ್ಲಾಸಿನ ಮೇಲೆ ಒಂದು ಕ್ಷಣ ಹೆಚ್ಚು ನಿಂತ್ರೆ ಮುಗೀತು, ಇದೇ ಸುಳಿವು ಅಂತ ಎಲ್ರಿಗೂ ಗೊತ್ತಾಗುತ್ತೆ. ನಿಲ್ಲದೇ ಹೋದ್ರೆ, ಕೊನೆಗೆ ಪ್ವಾರೋ ವಿವರಿಸುವಾಗ, ‘ಅದ್ಯಾವಾಗ ತೋರಿಸಿದ್ರು?’ ಅಂತ ನಮಗೆ ಮೋಸ ಹೋದ ಹಾಗೆ ಅನಿಸುತ್ತೆ.

ಕ್ಯಾಮೆರಾದ ಈ ಕಷ್ಟ ‘ದ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್’ನಲ್ಲಿ ಎದ್ದು ಕಾಣುತ್ತೆ. 1926ರ ಕಾದಂಬರಿ. ಹಳ್ಳಿಯ ಡಾಕ್ಟರ್ ಶೆಪರ್ಡ್ ಕಥೆ ಹೇಳ್ತಾ ಹೋಗ್ತಾರೆ, ನಾವು ಅವರ ಕಣ್ಣಿಂದಲೇ ಎಲ್ಲವನ್ನೂ ನೋಡ್ತೀವಿ. ಆ ಪುಸ್ತಕದ ಜೀವ ಇರೋದೇ ಆ ಹೇಳೋ ಧಾಟಿಯಲ್ಲಿ. 2000ದ ಟಿವಿ ರೂಪದಲ್ಲಿ ಒಂದು ಹಸ್ತಪ್ರತಿಯನ್ನ ಪ್ವಾರೋ ಓದ್ತಾ ಹೋಗೋ ಹಾಗೆ ಮಾಡಿದ್ರು, ಜ್ಯಾಪ್‌ನ ಕರೆತಂದ್ರು, ಕೊನೆಗೆ ಪುಸ್ತಕದಲ್ಲಿ ಇಲ್ಲದ ಓಡಾಟ, ಗುಂಡಿನ ಸದ್ದು ಸೇರಿಸಿದ್ರು. ಬೇರೆ ದಾರಿ ಇರ್ಲಿಲ್ಲವೇನೋ. ಗುಂಡಿನ ಸದ್ದಂತೂ ಬೇಡವಾಗಿತ್ತು. ಆ ಕಥೆ ಮುಗಿಯೋದು ಇಬ್ಬರು ಶಾಂತವಾಗಿ ಕೂತು ಆಡೋ ಮಾತಿನಲ್ಲಿ, ಅದರ ನಡುಕ ಯಾವ ಪಿಸ್ತೂಲಿಗೂ ಬರಲ್ಲ.

ಇಲ್ಲಿವರೆಗೆ ಹೇಳಿದ್ದೆಲ್ಲ ಒಪ್ಪಬಹುದಾದ, ಇಲ್ಲ ಕ್ಷಮಿಸಬಹುದಾದ ಬದಲಾವಣೆಗಳು. ಒಪ್ಪಕ್ಕೇ ಆಗದ್ದು ಒಂದಿದೆ: ಕೊಲೆಗಾರರನ್ನೇ ಬದಲಾಯಿಸೋದು. ಮಿಸ್ ಮಾರ್ಪಲ್ ಅಂದ್ರೆ ಕ್ರಿಸ್ಟಿಯ ಇನ್ನೊಬ್ಬ ಪತ್ತೇದಾರಿಣಿ, ವಯಸ್ಸಾದ ಹೆಂಗಸು. ಐಟಿವಿಯ ಮಿಸ್ ಮಾರ್ಪಲ್ ಸರಣಿ 2004ರಲ್ಲಿ ಶುರುವಾಗಿದ್ದು ‘ದ ಬಾಡಿ ಇನ್ ದ ಲೈಬ್ರರಿ’ಯಿಂದ. ಮೊದಲ ಕಥೆಯಲ್ಲೇ ಉತ್ತರ ಬದಲಾಯಿಸಿದ್ರು. ಮಿಸ್ ಮಾರ್ಪಲ್ ಇಲ್ಲವೇ ಇಲ್ಲದ ‘ದ ಸಿಟ್ಟಫರ್ಡ್ ಮಿಸ್ಟರಿ’ಗೆ ಆಕೆಯನ್ನ ಸೇರಿಸಿ, ಅಲ್ಲೂ ಕೊಲೆಗಾರರು ಬೇರೆಯಾದ್ರು. 2018ರಲ್ಲಿ ಬಿಬಿಸಿಗೆ ಸಾರಾ ಫೆಲ್ಪ್ಸ್ ಬರೆದ ‘ಆರ್ಡೀಲ್ ಬೈ ಇನ್ನೊಸೆನ್ಸ್’ನಲ್ಲೂ ಅದೇ ಆಯ್ತು. ನಟನೆ ಚೆನ್ನಾಗಿದೆ, ಮನೆ ಚೆನ್ನಾಗಿದೆ, ಬೆಳಕು ಚೆನ್ನಾಗಿದೆ. ಉತ್ತರ ಮಾತ್ರ ಕ್ರಿಸ್ಟಿಯದ್ದಲ್ಲ.

ದೊಡ್ಡಮ್ಮಂಗೆ ಸಿಟ್ಟು ಬಂದಿದ್ದು ಇದಕ್ಕೇ. ‘ಅಲ್ಲ ಕಣೇ, ಸುಳಿವೆಲ್ಲ ಒಬ್ಬರ ಕಡೆಗೆ ತೋರಿಸ್ತಾ ಇರೋ ಹಾಗೆ ಆ ತಾಯಿ ಬರೆದಿದ್ದಾಳೆ. ಕೊನೇಲಿ ತಗೊಂಡ್ಹೋಗಿ ಇನ್ಯಾರದೋ ತಲೆಗೆ ಕಟ್ಟಿದ್ರೆ ಹೇಗೆ?’

‘ಓದಿದೋರಿಗೂ ಕುತೂಹಲ ಇರ್ಲಿ ಅಂತ ಮಾಡಿರ್ತಾರೆ ದೊಡ್ಡಮ್ಮ.’

‘ಓದಿದೋರಿಗೆ ಕುತೂಹಲ ಯಾರು ಅನ್ನೋದ್ರಲ್ಲಿ ಎಲ್ಲಿರುತ್ತಮ್ಮಾ? ಹೇಗೆ ತೋರಿಸ್ತಾರೆ ಅಂತ ನೋಡಕ್ಕೇ ತಾನೆ ನಾವು ಕೂತಿರೋದು.’

ನಾನು ಈ ಮಾತಿಗೆ ಪೂರ್ತಿ ಒಪ್ತೀನಿ. ಒಳ್ಳೇ ಪತ್ತೇದಾರಿ ಕಾದಂಬರಿಯನ್ನ ಕೊನೆಯಿಂದ ಹಿಂದಕ್ಕೆ ಕಟ್ಟಿರ್ತಾರೆ. ಯಾರು ಮಾಡಿದ್ದು ಅಂತ ಮೊದಲು ಗಟ್ಟಿಯಾದ ಮೇಲೆ ಅಲ್ಲೊಂದು ಇಲ್ಲೊಂದು ಸುಳಿವು ಇಡ್ತಾ ಬರ್ತಾರೆ. ಒಂದು ರಂಗೋಲಿಗೆ ಅಂತ ಇಟ್ಟ ಚುಕ್ಕಿಗಳಲ್ಲಿ ಇನ್ನೊಂದನ್ನ ಎಳೆಯಕ್ಕೆ ಹೋದ್ರೆ ಯಾವುದಾದ್ರೂ ಚುಕ್ಕಿ ಹೊರಗೆ ಉಳಿದೇ ಉಳಿಯುತ್ತೆ. ನಂಬಿಕೆ ಬರ್ದಿದ್ರೆ ಬಿಬಿಸಿಯ ಹಳೇ ಸರಣಿ ನೋಡಿ. ಜೋನ್ ಹಿಕ್ಸನ್ ಮಿಸ್ ಮಾರ್ಪಲ್ ಆಗಿ 1984ರಿಂದ 1992ರವರೆಗೆ ಹನ್ನೆರಡೂ ಮಾರ್ಪಲ್ ಕಾದಂಬರಿಗಳನ್ನ ಮಾಡಿ ಮುಗಿಸಿದ್ರು. ಶುರು ಮಾಡುವಾಗ ಆಕೆಗೆ 78 ವರ್ಷ. ಎಷ್ಟೋ ವರ್ಷಗಳ ಹಿಂದೆ ಆಕೆಯನ್ನ ನಾಟಕದಲ್ಲಿ ನೋಡಿದ್ದ ಕ್ರಿಸ್ಟಿ, ಮುಂದೊಂದು ದಿನ ನೀವು ನನ್ನ ಮಿಸ್ ಮಾರ್ಪಲ್ ಆಗಬೇಕು ಅಂತ ಚೀಟಿ ಬರೆದು ಕಳಿಸಿದ್ರಂತೆ. ಆ ಸರಣಿಯೂ ‘ದ ಬಾಡಿ ಇನ್ ದ ಲೈಬ್ರರಿ’ಯಿಂದಲೇ ಶುರುವಾಗಿದ್ದು. ಎರಡನ್ನೂ ಒಂದರ ಹಿಂದೆ ಒಂದು ನೋಡಿದ್ರೆ ನಾನು ಹೇಳ್ತಿರೋದು ಗೊತ್ತಾಗುತ್ತೆ.

ಕ್ರಿಸ್ಟಿ ತಾವೇ ಬದಲಾಯಿಸಲಿಲ್ವಾ ಅಂತ ಕೇಳೋರಿದ್ದಾರೆ. ಸರಿಯಾದ ಪ್ರಶ್ನೆ. 1939ರ ‘ಆ್ಯಂಡ್ ದೆನ್ ದೇರ್ ವರ್ ನನ್’ ದ್ವೀಪವೊಂದರಲ್ಲಿ ಸಿಕ್ಕಿಹಾಕ್ಕೊಂಡ ಹತ್ತು ಜನರ ಕಥೆ, ಕೊನೆಗೆ ಯಾರೂ ಉಳಿಯಲ್ಲ. 1943ರಲ್ಲಿ ಅದನ್ನ ಅವರೇ ನಾಟಕ ಮಾಡಿದ್ರು. ರಂಗದ ಮೇಲೆ ಕೊನೆಗೆ ಕಥೆ ಹೇಳೋದಕ್ಕೆ ಒಬ್ರಾದ್ರೂ ಬೇಕಲ್ಲ, ಅದಕ್ಕೆ ಇಬ್ಬರನ್ನ ಉಳಿಸಿದ್ರು. ಎಷ್ಟೋ ಸಿನಿಮಾಗಳು ಆ ನಾಟಕದ ಕೊನೆಯನ್ನೇ ಹಿಡಿದ್ವು. 2015ರಲ್ಲಿ ಬಿಬಿಸಿಗೆ ಮೂರು ಭಾಗಗಳಲ್ಲಿ ಮಾಡಿದಾಗ, ಬರೆದಿದ್ದು ಇದೇ ಸಾರಾ ಫೆಲ್ಪ್ಸ್, ಪುಸ್ತಕದ ಕರಾಳ ಕೊನೆಗೇ ವಾಪಸ್ ಬಂದ್ರು. ಅಷ್ಟು ಧೈರ್ಯ ಇದ್ದೋರು ಮೂರು ವರ್ಷ ಆದ್ಮೇಲೆ ‘ಆರ್ಡೀಲ್ ಬೈ ಇನ್ನೊಸೆನ್ಸ್’ನಲ್ಲಿ ಹಾಗೆ ಮಾಡಿದ್ರಲ್ಲ ಅನ್ನೋದೇ ನನ್ನ ಬೇಜಾರು. ಗಮನಿಸಿ, ಈ ನಾಟಕದಲ್ಲಿ ಕ್ರಿಸ್ಟಿ ಬದುಕುಳಿಯೋರನ್ನ ಬದಲಾಯಿಸಿದ್ರೇ ಹೊರತು ಕೊಲೆಗಾರರನ್ನ ಮುಟ್ಟಲಿಲ್ಲ. ಈ ಕಥೆ ನಮ್ಮ ಕಡೆಯೋರಿಗೆ ಬೇಗ ನಾಟುತ್ತೆ. ದೊಡ್ಡ ಮಳೆಗೆ ಮರ ಬಿದ್ದು ದಾರಿ ಮುಚ್ಚಿ, ಕರೆಂಟು ಹೋಗಿ, ನೆಟ್‌ವರ್ಕೂ ಇಲ್ಲದ ತೋಟದ ಮನೆಯಲ್ಲಿ ರಾತ್ರಿ ಕಳೆದೋರಿಗೆ ಆ ದ್ವೀಪ ದೂರ ಅಲ್ಲ.

ಷರ್ಲಾಕ್ ಹೋಮ್ಸ್ ಬಗ್ಗೆ ಚಿಕ್ಕದಾಗಿ ಹೇಳ್ತೀನಿ, ಅದು ಇನ್ನೊಂದು ವಿಡಿಯೋಗಾಗೋಷ್ಟಿದೆ. ಗ್ರನಾಡ ಟಿವಿಯಲ್ಲಿ 1984ರಿಂದ 1994ರವರೆಗೆ ಜೆರೆಮಿ ಬ್ರೆಟ್ ಮಾಡಿದ ಹೋಮ್ಸ್ ನಂಗೆ ಕೊನೆಯ ಮಾತು. ಕಾನನ್ ಡಾಯ್ಲ್ ಬರೆದಿದ್ದು ಹೆಚ್ಚಾಗಿ ಸಣ್ಣಕಥೆ, ಒಂದು ಗಂಟೆಯ ಎಪಿಸೋಡಿಗೆ ಹೇಳಿ ಮಾಡಿಸಿದ ಹಾಗಿರುತ್ತೆ. ಕೊನೆಕೊನೆಗೆ ಸಣ್ಣಕಥೆಗಳನ್ನೇ ಎಳೆದು ಸಿನಿಮಾದಷ್ಟು ಉದ್ದ ಮಾಡಿದಾಗ ಬಿಗಿ ಸಡಿಲವಾಯ್ತು. ಆದ್ರೆ 1988ರ ‘ದ ಡೆವಿಲ್ಸ್ ಫುಟ್’ನಲ್ಲಿ ಹೋಮ್ಸ್ ತನ್ನ ಮಾದಕದ್ರವ್ಯದ ಸಿರಿಂಜನ್ನ ಕಡಲತೀರದ ಮರಳಲ್ಲಿ ಹೂತುಹಾಕೋ ದೃಶ್ಯ ಇದೆ. ಕಥೆಯಲ್ಲಿ ಅದಿಲ್ಲ. ಡಾಯ್ಲ್ ಮಗಳ ಒಪ್ಪಿಗೆ ಪಡೆದು ಸೇರಿಸಿದ್ದು. ಆ ಕಥೆಯ ರಹಸ್ಯಕ್ಕೆ ಅದರಿಂದ ಏನೂ ಧಕ್ಕೆ ಇಲ್ಲ, ಹೋಮ್ಸ್ ಮಾತ್ರ ನಮಗೆ ಇನ್ನಷ್ಟು ಹತ್ತಿರವಾಗ್ತಾನೆ.

ನಮ್ಮ ದೇಶದ್ದೇ ಬೇಕು ಅಂದ್ರೆ ದೂರದರ್ಶನದ ‘ಬ್ಯೋಮಕೇಶ್ ಬಕ್ಷಿ’, 1993ರಲ್ಲಿ ಶುರುವಾಗಿದ್ದು. ಶರದಿಂದು ಬಂದ್ಯೋಪಾಧ್ಯಾಯರ ಬಂಗಾಳಿ ಕಥೆಗಳು, ಬಾಸು ಚಟರ್ಜಿ ನಿರ್ದೇಶನ, ರಜಿತ್ ಕಪೂರ್ ನಟನೆ. ಭಾಷೆ ಹಿಂದಿಯಾಯ್ತು, ಕಲ್ಕತ್ತಾ ಕಲ್ಕತ್ತಾವಾಗೇ ಉಳೀತು. ಆಡಂಬರ ಇಲ್ಲ, ಅಬ್ಬರದ ಸಂಗೀತ ಇಲ್ಲ. ಪಂಚೆ ಉಟ್ಟ ಒಬ್ಬ ಮನುಷ್ಯ ಎದುರಿಗಿರೋರ ಮಾತು ಗಮನ ಇಟ್ಟು ಕೇಳ್ತಾನೆ. ಇವತ್ತಿಗೂ ನೋಡಿಸ್ಕೊಂಡು ಹೋಗುತ್ತೆ.

ಕನ್ನಡಕ್ಕೆ ಇಂಥದ್ದೊಂದು ಬರಬೇಕು ಅನ್ನೋದು ನನ್ನ ಆಸೆ. ದೊಡ್ಡಮ್ಮ ಕ್ರಿಸ್ಟಿಗಿಂತ ಮುಂಚೆ ಓದಿದ್ದು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನ. ನೂರಾರು ಕಾದಂಬರಿ ಬರೆದು ಒಂದು ತಲೆಮಾರಿಗೇ ಓದೋ ರುಚಿ ಹತ್ತಿಸಿದೋರು ಅವರು. ಪುರುಷೋತ್ತಮ ಟಿವಿಗೆ ಬರೋದಾದ್ರೆ ಅವನ ಕೈಗೆ ಮೊಬೈಲ್ ಕೊಡಬೇಡಿ. ಅವನ ಕಾಲದಲ್ಲೇ ಇರ್ಲಿ, ಆಗಿನ ಬಸ್ಸು, ಟ್ರಂಕ್ ಕಾಲ್, ಲಾಂದ್ರ ಎಲ್ಲ ಇರ್ಲಿ. ಬೇಕಿದ್ರೆ ಜೊತೆಗೊಬ್ಬ ಗೆಳೆಯನನ್ನ ಸೇರಿಸಿ. ಯಾರು ಮಾಡಿದ್ದು ಅನ್ನೋದನ್ನ ನರಸಿಂಹಯ್ಯನವರಿಗೇ ಬಿಡಿ.

ಹೊಸದಾಗಿ ಶುರು ಮಾಡೋರು ‘ಫೈವ್ ಲಿಟಲ್ ಪಿಗ್ಸ್’ ಮೊದಲು ನೋಡಿ, ಆಮೇಲೆ ಓದಿ, ಹೇಗಾದ್ರೂ ನಷ್ಟ ಇಲ್ಲ. ಆಕ್ರಾಯ್ಡ್ ಮಾತ್ರ ದಯವಿಟ್ಟು ಓದಿ ಮುಗಿಸಿದ ಮೇಲೇ ಟಿವಿ ಹಾಕಿ. ಮೊದಲೇ ನೋಡಿಬಿಟ್ರೆ, ಕೊನೆಯ ಅಧ್ಯಾಯ ಮುಗಿದ ಕೂಡ್ಲೇ ಮೊದಲ ಪುಟಕ್ಕೆ ವಾಪಸ್ ಓಡೋ ಆ ಸಂತೋಷ ನಿಮಗೆ ಸಿಗಲ್ಲ.